ಪಟದಲ್ಲಿರುವವರು ಯಾರು?
ಶ್ರೀ ರಾಮಕೃಷ್ಣ ಪರಮಹಂಸರ ಜೀವನ ಮತ್ತು ಅವರ ಐದು ಫೋಟೋಗಳು



ನಮ್ಮ ಮನೆಗಳ ದೇವರ ಗೂಡಿನಲ್ಲಿ ಎಷ್ಟೋ ಪಟಗಳಿರುತ್ತವೆ. ದೇವರ ಪಟಗಳ ಜೊತೆಗೆ ಗುರುಗಳ ಪಟ, ಶರಣರ ಪಟ, ದಾಸರ ಪಟ. ಬಸವಣ್ಣನವರನ್ನಾಗಲಿ, ಪುರಂದರದಾಸರನ್ನಾಗಲಿ, ಕನಕದಾಸರನ್ನಾಗಲಿ ನಾವು ಪಟದಲ್ಲಿ ನೋಡುವ ಮುಖ ಚಿತ್ರಕಾರರು ಭಕ್ತಿಯಿಂದ ಊಹಿಸಿ ಬರೆದದ್ದು. ಅವರ ಕಾಲದಲ್ಲಿ ಕ್ಯಾಮರಾ ಎಲ್ಲಿತ್ತು? ಆದರೆ ಶ್ರೀ ರಾಮಕೃಷ್ಣ ಪರಮಹಂಸರ ವಿಷಯ ಹಾಗಲ್ಲ. ಅವರು ಇದ್ದ ಕಾಲಕ್ಕೆ ಕಲ್ಕತ್ತೆಗೆ ಫೋಟೋ ತೆಗೆಯುವವರು ಬಂದಿದ್ದರು. ಅವರು ಬದುಕಿದ್ದಾಗ ತೆಗೆದ ಮೂರು ಫೋಟೋಗಳು, ದೇಹ ಬಿಟ್ಟ ದಿನ ತೆಗೆದ ಎರಡು ಫೋಟೋಗಳು, ಹೀಗೆ ಒಟ್ಟು ಐದು ನಮಗೆ ಉಳಿದಿವೆ.

ಹಳೆಯ ಫೋಟೋ ಇದ್ದರೆ ಸಾಕೇ? ಅದರಲ್ಲಿ ಇರುವವರು ಯಾರು, ಪಕ್ಕದಲ್ಲಿ ನಿಂತವರು ಯಾರು, ಎಲ್ಲಿ, ಯಾವಾಗ ಅಂತ ಗೊತ್ತಾಗಬೇಡವೇ? ಗೊತ್ತಿಲ್ಲದಿದ್ದರೆ ಅದು ಯಾರದೋ ಮುಖ ಅಷ್ಟೇ. ಈ ಐದು ಪಟಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಆ ಮಹಾತ್ಮರ ಜೀವನವೂ ತಿಳಿಯುತ್ತದೆ, ಅವರ ಸುತ್ತ ಇದ್ದವರ ಪ್ರೀತಿಯೂ ತಿಳಿಯುತ್ತದೆ.

ಪಟವಿಲ್ಲದ ದಿನಗಳು

ಬಂಗಾಳದ ಹೂಗ್ಲಿ ಜಿಲ್ಲೆಯ ಕಾಮಾರಪುಕುರ ಒಂದು ಸಣ್ಣ ಹಳ್ಳಿ. ಅಲ್ಲಿ 1836ರ ಫೆಬ್ರವರಿ 18ರಂದು ಕ್ಷುದಿರಾಮ ಚಟ್ಟೋಪಾಧ್ಯಾಯ ಮತ್ತು ಚಂದ್ರಮಣಿದೇವಿ ಎಂಬ ಬಡ ಬ್ರಾಹ್ಮಣ ದಂಪತಿಗಳಿಗೆ ಒಂದು ಗಂಡು ಮಗು ಹುಟ್ಟಿತು. ಗದಾಧರ ಅಂತ ಹೆಸರಿಟ್ಟರು. ಹುಡುಗನಿಗೆ ಶಾಲೆಯ ಲೆಕ್ಕ ತಲೆಗೆ ಹತ್ತಲಿಲ್ಲ. ಹಾಡು, ನಾಟಕ, ಮಣ್ಣಿನಲ್ಲಿ ದೇವರ ಮೂರ್ತಿ ಮಾಡುವುದು, ಊರಿಗೆ ಬಂದ ಸಾಧುಗಳ ಸೇವೆ, ಇವೇ ಅವನಿಗೆ ಇಷ್ಟ. ಏಳು ವರ್ಷದವನಿದ್ದಾಗ 1843ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹಿರಿಯಣ್ಣ ರಾಮಕುಮಾರರ ಮೇಲೆ ಬಿತ್ತು. ಅವರು ಕಲ್ಕತ್ತೆಯಲ್ಲಿ ಪಾಠಶಾಲೆ ನಡೆಸುತ್ತಿದ್ದರು. 1852ರಲ್ಲಿ ಗದಾಧರ ಅಣ್ಣನ ಬಳಿಗೆ ಹೋದ.

ರಾಣಿ ರಾಸಮಣಿ ಎಂಬ ಧರ್ಮಿಷ್ಠೆ ಗಂಗೆಯ ದಡದ ದಕ್ಷಿಣೇಶ್ವರದಲ್ಲಿ ಕಾಳಿಯ ದೊಡ್ಡ ದೇವಾಲಯ ಕಟ್ಟಿಸಿ 1855ರ ಮೇ 31ರಂದು ಪ್ರತಿಷ್ಠೆ ಮಾಡಿಸಿದಳು. ರಾಣಿ ಎಂದು ಕರೆದರೂ ಆಕೆ ಮೇಲ್ಜಾತಿಯವಳಲ್ಲ. ಅದಕ್ಕೇ ಅಲ್ಲಿ ಪೂಜೆಗೆ ನಿಲ್ಲಲು ಪುರೋಹಿತರು ಹಿಂದೆ ಮುಂದೆ ನೋಡಿದರು. ರಾಮಕುಮಾರರು ಒಪ್ಪಿಕೊಂಡರು. ತಮ್ಮನೂ ಜೊತೆಗೆ ಬಂದ.

ಅದೇ ಆವರಣದಲ್ಲಿ ರಾಧಾಕಾಂತನ ಗುಡಿಯೂ ಇದೆ. ಒಂದು ದಿನ ಅಲ್ಲಿಯ ಅರ್ಚಕರ ಕೈಜಾರಿ ಕೃಷ್ಣನ ಮೂರ್ತಿ ಬಿದ್ದು ಪಾದ ಮುರಿಯಿತು. ಭಿನ್ನವಾದ ಮೂರ್ತಿಯನ್ನು ಗಂಗೆಗೆ ಬಿಟ್ಟು ಹೊಸದು ಮಾಡಿಸಿ ಅಂತ ಪಂಡಿತರು ಹೇಳಿದರು. ಗದಾಧರ ಒಪ್ಪಲಿಲ್ಲ. ರಾಣಿಯ ಅಳಿಯಂದಿರ ಕಾಲು ಮುರಿದರೆ ಬಿಟ್ಟುಬಿಡುತ್ತಾರೆಯೇ, ಔಷಧ ಮಾಡಿಸುವುದಿಲ್ಲವೇ ಎಂದು ಕೇಳಿದ. ತಾನೇ ಕುಳಿತು ಆ ಪಾದವನ್ನು ಸರಿಮಾಡಿಕೊಟ್ಟ. ಈ ಗುಡಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಗುಡಿಯ ಜಗುಲಿಗೆ ಮತ್ತೆ ಬರುತ್ತೇವೆ.

1856ರಲ್ಲಿ ರಾಮಕುಮಾರರು ತೀರಿಕೊಂಡ ಮೇಲೆ ಕಾಳಿಯ ಪೂಜೆ ತಮ್ಮನಿಗೇ ಬಂತು. ಆಮೇಲಿನ ಹನ್ನೆರಡು ವರ್ಷ ತಪಸ್ಸು. ತಾಯಿಯ ದರ್ಶನವಾಗಲಿಲ್ಲವಲ್ಲಾ ಅಂತ ನೆಲಕ್ಕೆ ಮುಖ ಉಜ್ಜಿ ಅಳುತ್ತಿದ್ದರು. ಜನ ಹುಚ್ಚು ಅಂದರು. ಮದುವೆ ಮಾಡಿದರೆ ಸರಿಹೋದೀತು ಅಂತ 1859ರಲ್ಲಿ ಜಯರಾಂಬಾಟಿಯ ಐದು ವರ್ಷದ ಬಾಲೆ ಶಾರದಾಮಣಿಯ ಜೊತೆ ಲಗ್ನ ಮಾಡಿದರು. ಆದರೆ ಹಂಬಲ ನಿಲ್ಲಲಿಲ್ಲ. ಭೈರವಿ ಬ್ರಾಹ್ಮಣಿ ಬಂದು ತಂತ್ರಸಾಧನೆ ಮಾಡಿಸಿದಳು. ತೋತಾಪುರಿ ಎಂಬ ಸಂನ್ಯಾಸಿ ಅದ್ವೈತದ ದೀಕ್ಷೆ ಕೊಟ್ಟರು. ಇಸ್ಲಾಮಿನ ದಾರಿಯಲ್ಲೂ ನಡೆದು ನೋಡಿದರು, ಕ್ರೈಸ್ತರ ದಾರಿಯಲ್ಲೂ ನಡೆದು ನೋಡಿದರು. ಎಲ್ಲ ದಾರಿಗಳೂ ಒಂದೇ ಕಡೆಗೆ ಸೇರುತ್ತವೆ ಎಂಬುದು ಅವರು ಕಂಡುಕೊಂಡ ಸತ್ಯ.

ಅವರೂ ನಮ್ಮ ಹಾಗೆ ಯಾತ್ರೆ ಮಾಡಿದವರು. 1868ರಲ್ಲಿ ರಾಣಿಯ ಅಳಿಯ ಮಥುರಬಾಬು ಅವರನ್ನು ಕಾಶಿ, ಪ್ರಯಾಗ, ವೃಂದಾವನಗಳಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ದೇವಘರದ ಬಳಿ ಹಸಿದ, ಬಟ್ಟೆಯಿಲ್ಲದ ಜನರನ್ನು ಕಂಡರು. ಇವರಿಗೆ ಊಟ, ಬಟ್ಟೆ ಕೊಡುವ ತನಕ ನಾನು ಮುಂದಕ್ಕೆ ಬರುವುದಿಲ್ಲ ಎಂದು ಆ ಬಡವರ ನಡುವೆಯೇ ಕುಳಿತುಬಿಟ್ಟರು. ಮಥುರಬಾಬು ಕೊಟ್ಟ ಮೇಲೆಯೇ ಎದ್ದರು.

ಈ ದಿನಗಳ ಒಂದು ಫೋಟೋ ಕೂಡ ಇಲ್ಲ. ನಲವತ್ತು ದಾಟುವ ತನಕ ಅವರ ಮುಖ ಕಣ್ಣಾರೆ ಕಂಡವರಿಗೆ ಮಾತ್ರ ಗೊತ್ತಿತ್ತು.

ಮೊದಲನೆಯ ಪಟ: ಹೃದಯನ ತೋಳು

1875ರಲ್ಲಿ ಪರಮಹಂಸರು ಬ್ರಾಹ್ಮಸಮಾಜದ ಹೆಸರಾಂತ ಮುಖಂಡ ಕೇಶವಚಂದ್ರ ಸೇನರನ್ನು ಕಂಡರು. ಕೇಶವರು ಅವರ ವಿಷಯ ಪತ್ರಿಕೆಗಳಲ್ಲಿ ಬರೆದರು. ಓದುಬರಹ ಬಲ್ಲ ಪಟ್ಟಣದ ಜನ ದಕ್ಷಿಣೇಶ್ವರದ ಕಡೆಗೆ ಬರತೊಡಗಿದರು.

1879ರ ಸೆಪ್ಟೆಂಬರ್ 21ರಂದು ಕೇಶವರ ಮನೆ ಕಮಲಕುಟೀರದಲ್ಲಿ ಉತ್ಸವ. ಭಜನೆ ನಡೆಯುತ್ತಿದ್ದಾಗ ಪರಮಹಂಸರು ನಿಂತಲ್ಲೇ ಸಮಾಧಿಸ್ಥರಾದರು. ಆಗ ಬೆಂಗಾಲ್ ಫೋಟೋಗ್ರಾಫರ್ಸ್ ಅಂಗಡಿಯವರು ತೆಗೆದದ್ದೇ ಮೊದಲ ಪಟ. ಒಂದು ಕೈ ಮೇಲಕ್ಕೆ ಎತ್ತಿದೆ, ಇನ್ನೊಂದು ಕೈಯ ಬೆರಳುಗಳು ಎದೆಯ ಹತ್ತಿರ ಮುದ್ರೆಯ ಹಾಗೆ ಮಡಚಿವೆ. ಕೆಳಗೆ ಬ್ರಾಹ್ಮ ಭಕ್ತರು ನೆಲದ ಮೇಲೆ ಕುಳಿತಿದ್ದಾರೆ. ಪರಮಹಂಸರು ಬೀಳದ ಹಾಗೆ ಹಿಂದಿನಿಂದ ಹಿಡಿದುಕೊಂಡು ಒಬ್ಬರು ನಿಂತಿದ್ದಾರೆ.

ಅವರೇ ಹೃದಯರಾಮ, ಪರಮಹಂಸರ ಸೋದರಸಂಬಂಧದ ಅಳಿಯ. ಬಹಳ ವರ್ಷ ಊಟ, ಬಟ್ಟೆ, ಕಾಯಿಲೆ ಎಲ್ಲಾ ನೋಡಿಕೊಂಡವರು ಅವರೇ. ಮೈಮರೆತಾಗ ಬಿದ್ದು ಪೆಟ್ಟಾಗದ ಹಾಗೆ ಕಾದವರೂ ಅವರೇ. ಆದರೆ ಬರಬರುತ್ತಾ ಅಧಿಕಾರದ ಮಾತು ಹೆಚ್ಚಾಯಿತು. 1881ರಲ್ಲಿ ಒಂದು ತಪ್ಪಿಗಾಗಿ ದೇವಾಲಯದ ಯಜಮಾನರು ಅವರನ್ನು ಹೊರಗೆ ಕಳಿಸಿದರು. ಆಮೇಲೆ ಒಳಗೆ ಬರುವ ಹಾಗಿರಲಿಲ್ಲ. ಪರಮಹಂಸರೇ ಹೊರಗೆ ಹೋಗಿ ಅವರನ್ನು ಕಂಡು ಮಾತಾಡಿಸಿದ್ದುಂಟು.

ಹಳೆಯ ಪಟ ಗುರುತಿಸುವವರಿಗೆ ಇದೊಂದು ಪಾಠ. ನಡುವೆ ಇರುವವರ ಮುಖ ಮಾತ್ರ ನೋಡಬಾರದು, ಪಕ್ಕದವರನ್ನೂ ನೋಡಬೇಕು. ಹೃದಯ ಜೊತೆಗೆ ಇದ್ದಾರೆ ಅಂದರೆ ಪಟ 1881ಕ್ಕಿಂತ ಹಿಂದಿನದು ಅಂತ ಹೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗೆ ಹೋಗಬೇಕಾಗಿ ಬಂದ ಆ ಸೇವಕನ ತೋಳು ಇಂದಿಗೂ ಆ ಪಟದಲ್ಲಿ ಗುರುವನ್ನು ಹಿಡಿದುಕೊಂಡೇ ಇದೆ. ಸೇವೆ ಮಾಡಿದ್ದು ಸುಳ್ಳಾಗಲಿಲ್ಲ.

ಎರಡನೆಯ ಪಟ: ಗಾಜಿನ ಮೇಲಿನ ಮಸಿ

1881ರ ಡಿಸೆಂಬರ್ 10. ಸುರೇಂದ್ರನಾಥ ಮಿತ್ರ ಎಂಬ ಗೃಹಸ್ಥ ಭಕ್ತರು ಪರಮಹಂಸರನ್ನು ಗಾಡಿಯಲ್ಲಿ ಕೂರಿಸಿಕೊಂಡು ಕಲ್ಕತ್ತೆಯ ರಾಧಾಬಜಾರಿನ ಸ್ಟುಡಿಯೋಗೆ ಕರೆದುಕೊಂಡು ಹೋದರು. ಫೋಟೋ ಹೇಗೆ ತೆಗೆಯುತ್ತಾರೆ ಅಂತ ಅವರಿಗೆ ತೋರಿಸಿದರು. ಬರಿಯ ಗಾಜಿನ ಮೇಲೆ ಬಿಂಬ ಬೀಳುತ್ತದೆ, ನಿಲ್ಲುವುದಿಲ್ಲ. ಗಾಜಿಗೆ ಬೆಳ್ಳಿಯ ಲವಣದ ಲೇಪ ಇದ್ದರೆ ಬಿದ್ದ ಬಿಂಬ ಅಲ್ಲೇ ಉಳಿಯುತ್ತದೆ. ಮಗುವಿನ ಹಾಗೆ ಕುತೂಹಲದಿಂದ ಎಲ್ಲಾ ನೋಡಿದರು.

ಅದೇ ದಿನ ಭಕ್ತರ ಮನೆಯಲ್ಲಿ ಕುಳಿತಾಗ ಅದನ್ನೇ ಉಪದೇಶಕ್ಕೆ ತಂದರು. ಒಳ್ಳೆಯ ಮಾತು ಕೇಳಿದರೆ ಸಾಲದು, ಮನಸ್ಸಿಗೆ ಭಕ್ತಿಯ ಲೇಪ ಇರಬೇಕು. ಇಲ್ಲದಿದ್ದರೆ ಕೇಳಿದ್ದು ಬರಿಯ ಗಾಜಿನ ಮೇಲಿನ ಬಿಂಬದ ಹಾಗೆ ಆಗಲೇ ಮರೆತುಹೋಗುತ್ತದೆ ಎಂಬುದು ಅವರ ಮಾತಿನ ಅರ್ಥ. ಯಾತ್ರೆಗೆ ಬಂದು ಹೋಗುವ ನಮಗೂ ಈ ಮಾತು ಒಪ್ಪುತ್ತದೆ ಅಲ್ಲವೇ?

ಆ ಸ್ಟುಡಿಯೋದಲ್ಲಿ ತೆಗೆದ ಪಟದಲ್ಲಿ ಅವರು ಅಂಗಿ ತೊಟ್ಟು, ಪಂಚೆ ಉಟ್ಟು, ಒಂದು ಗಿಡ್ಡ ಕಂಬದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಮೈತುಂಬ ಬಟ್ಟೆ ಇರುವುದರಿಂದ ಕೆಲವರು ಇವರು ಬೇರೆ ಯಾರೋ ಅಂದುಕೊಳ್ಳುವುದುಂಟು. ಹಾಗೆ ಅನುಮಾನ ಬಂದರೆ ಬಟ್ಟೆಯನ್ನು ಬಿಟ್ಟು ಕಣ್ಣುಗಳನ್ನು ನೋಡಿ. ಅರ್ಧ ಮುಚ್ಚಿದ ಅದೇ ಕಣ್ಣು, ಸಣ್ಣ ಗಡ್ಡ, ತೆರೆದೂ ತೆರೆಯದ ಹಾಗಿರುವ ತುಟಿ.

ಮೂರನೆಯ ಪಟ: ಮನೆಮನೆಯ ಪೂಜೆಯಲ್ಲಿ ಇರುವುದು

ನಾವೆಲ್ಲ ಕಂಡಿರುವುದು ಇದನ್ನೇ. ಚಕ್ಕಳಮಕ್ಕಳ ಹಾಕಿ ಕುಳಿತ ಭಂಗಿ, ಮಡಿಲಲ್ಲಿ ಹೆಣೆದ ಬೆರಳುಗಳು. ಇದನ್ನು ತೆಗೆದದ್ದು 1883-84ರ ಸುಮಾರಿಗೆ, ದಕ್ಷಿಣೇಶ್ವರದಲ್ಲಿ. ಬರಾನಗರದ ಭವನಾಥ ಚಟ್ಟೋಪಾಧ್ಯಾಯ ಎಂಬ ಯುವಕ ಭಕ್ತನಿಗೆ ಗುರುಗಳ ಪಟ ಬೇಕೆಂದು ಬಲು ಆಸೆ. ಅವನು ಅವಿನಾಶಚಂದ್ರ ಎಂಬ ಫೋಟೋಗ್ರಾಫರನ್ನು ಕರೆತಂದ. ಬೋರ್ನ್ ಅಂಡ್ ಶೆಫರ್ಡ್ ಎಂಬ ಹೆಸರಾಂತ ಕಂಪನಿಯಲ್ಲಿ ಆತ ಕೆಲಸ ಕಲಿಯುತ್ತಿದ್ದ. ಪರಮಹಂಸರು ಮೊದಲು ಒಪ್ಪಲಿಲ್ಲ, ಎದ್ದು ರಾಧಾಕಾಂತನ ಗುಡಿಯ ಕಡೆಗೆ ಹೋದರು. ಅಲ್ಲಿಯ ಜಗುಲಿಯಲ್ಲಿ ನರೇಂದ್ರ, ಅಂದರೆ ಮುಂದಿನ ಸ್ವಾಮಿ ವಿವೇಕಾನಂದರು, ಭಗವಂತನ ವಿಷಯ ಮಾತು ತೆಗೆದರಂತೆ. ಕೇಳುತ್ತಾ ಕೇಳುತ್ತಾ ಪರಮಹಂಸರು ಸಮಾಧಿಗೆ ಹೋದರು. ಮೈ ಒಂದಿಷ್ಟು ಬಾಗಿತ್ತು. ನೆಟ್ಟಗೆ ಕೂರಿಸೋಣ ಅಂತ ಮುಟ್ಟಿದರೆ ದೇಹವೆಲ್ಲಾ ಕಾಗದದ ಹಾಗೆ ಹಗುರವಾಗಿ ಮೇಲೆದ್ದಿತೆಂದು ಭಕ್ತರು ಹೇಳುತ್ತಾರೆ. ಆ ಹೊತ್ತಿನಲ್ಲಿ ಪಟ ತೆಗೆದರು.

ಆಮೇಲೆ ಒಂದು ಅನಾಹುತ ಆಯಿತು. ಗಾಜಿನ ಪ್ಲೇಟು ಅವಿನಾಶರ ಕೈಯಿಂದ ಜಾರಿ ಬಿದ್ದು ಅಂಚು ಒಡೆಯಿತು. ಪುಣ್ಯಕ್ಕೆ ಮುಖಕ್ಕೆ ಏನೂ ಆಗಲಿಲ್ಲ. ಆತ ಒಡೆದ ಭಾಗ ಕಾಣದ ಹಾಗೆ ಹಿಂದಿನ ಭಾಗವನ್ನು ಕಮಾನಿನ ಆಕಾರದಲ್ಲಿ ಕತ್ತರಿಸಿ ಸರಿಮಾಡಿದರು. ಆ ಪಟದ ಹಳೆಯ ಪ್ರತಿಗಳಲ್ಲಿ ಪರಮಹಂಸರ ತಲೆಯ ಹಿಂದೆ ಅರ್ಧಚಂದ್ರದ ಹಾಗೆ ಕಾಣುತ್ತದಲ್ಲಾ, ಅದು ಬಂದದ್ದು ಹೀಗೆ. ಪಾದ ಮುರಿದ ಕೃಷ್ಣನನ್ನು ಪರಮಹಂಸರು ಗಂಗೆಗೆ ಬಿಡಲು ಒಪ್ಪದ ಗುಡಿಯೂ ಇದೇ, ಒಡೆದ ಗಾಜಿನಲ್ಲಿ ಅವರ ಮುಖ ಉಳಿದ ಪಟ ತೆಗೆದ ಜಾಗವೂ ಇದೇ.

ಪಟ ತಯಾರಾಗಿ ಬಂದಾಗ ಪರಮಹಂಸರು ಅದನ್ನು ನೋಡಿ, ಇದು ಬಹಳ ಎತ್ತರದ ಯೋಗದ ಸ್ಥಿತಿ, ಮುಂದೆ ಮನೆಮನೆಯಲ್ಲೂ ಇದಕ್ಕೆ ಪೂಜೆ ನಡೆಯುತ್ತದೆ ಎಂದರಂತೆ. ಅದರ ಒಂದು ಪ್ರತಿ ಶ್ರೀಮಾತೆ ಶಾರದಾದೇವಿಯವರ ಕೈಗೂ ಬಂತು. ಅವರು ಇದ್ದದ್ದು ನಹಬತ್ತು ಎಂಬ ವಾದ್ಯದ ಗೋಪುರದ ಕೆಳಗಿನ ಪುಟ್ಟ ಕೋಣೆಯಲ್ಲಿ. ಆ ಪ್ರತಿ ತುಂಬ ಕಪ್ಪಾಗಿತ್ತು, ಕಾಳಿಯ ಹಾಗೆ. ಬೇರೆ ದೇವರ ಪಟಗಳ ಜೊತೆ ಇಟ್ಟು ಪೂಜಿಸುತ್ತಿದ್ದರು. ಒಂದು ದಿನ ಪರಮಹಂಸರೇ ಆ ಕೋಣೆಗೆ ಬಂದು ಅದನ್ನು ಕಂಡು ಹೂ ಏರಿಸಿದರು. ಆ ಹೂವು ನಾನು ಎಂಬುದಕ್ಕೆ ಸಲ್ಲಲಿಲ್ಲ. ಆ ದೇಹದಲ್ಲಿ ಯಾರು ತುಂಬಿದ್ದರೋ ಅವರಿಗೆ ಸಂದಿತು. ಬೇಲೂರು ಮಠದಲ್ಲಿ 1938ರಲ್ಲಿ ಪ್ರತಿಷ್ಠೆಯಾದ ಅಮೃತಶಿಲೆಯ ಮೂರ್ತಿಯೂ ಇದೇ ಭಂಗಿಯದು.

ಕೊನೆಯ ಪಟಗಳು: ಮಂಚದ ಸುತ್ತ ನಿಂತವರು

1885ರಲ್ಲಿ ಪರಮಹಂಸರಿಗೆ ಗಂಟಲಿನ ರೋಗ ಕಾಣಿಸಿತು. ಕ್ಯಾನ್ಸರ್ ಅಂತ ವೈದ್ಯರು ಹೇಳಿದರು. ಡಿಸೆಂಬರಿನಲ್ಲಿ ಅವರನ್ನು ಕಾಶೀಪುರದ ತೋಟದ ಮನೆಗೆ ಕರೆತಂದರು. ಓದು, ಮನೆ, ಕೆಲಸ ಬಿಟ್ಟ ಯುವಕರು ಹಗಲುರಾತ್ರಿ ಸೇವೆಗೆ ನಿಂತರು. 1886ರ ಆಗಸ್ಟ್ 16ರ ಬೆಳಗಿನ ಜಾವ, ಒಂದು ಗಂಟೆಯ ಸುಮಾರಿಗೆ ಅವರು ಮಹಾಸಮಾಧಿ ಹೊಂದಿದರು. ವಯಸ್ಸು ಐವತ್ತು.

ಆ ದಿನ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ಬಂದರು. ವಿಜ್ಞಾನವನ್ನು ನಂಬಿದ ದೊಡ್ಡ ವೈದ್ಯರು. ಅವತಾರ ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ, ಆದರೆ ಪರಮಹಂಸರನ್ನು ಕಂಡರೆ ಬಹಳ ಪ್ರೀತಿ. ಒಂದು ಫೋಟೋ ತೆಗೆಸಿ ಅಂತ ಹೇಳಿ ಹತ್ತು ರೂಪಾಯಿ ಕೊಟ್ಟವರು ಅವರೇ. ಬೆಂಗಾಲ್ ಫೋಟೋಗ್ರಾಫರ್ಸ್ ಅವರು ಎರಡು ಪಟ ತೆಗೆದರು. ಮುಂದೆ ಹೂವಿನಿಂದ ಅಲಂಕರಿಸಿದ ಮಂಚ. ಹಿಂದೆ ಸಾಲಾಗಿ ಭಕ್ತರು. ಸಂಜೆ ಗಂಗೆಯ ದಡದಲ್ಲಿ ಅಂತ್ಯಕ್ರಿಯೆ ಆಯಿತು.

ಅಲ್ಲಿ ನಿಂತಿದ್ದವರ ಹೆಸರು ಅಂದು ಊರಿಗೇ ಗೊತ್ತಿರಲಿಲ್ಲ. ಕೆಲವರು ಕಾಲೇಜು ಹುಡುಗರು, ಕೆಲವರು ಗುಮಾಸ್ತರು, ಒಬ್ಬರು ಶಾಲೆಯ ಮೇಷ್ಟ್ರು. ಇಂದು ಮೂವತ್ತರಷ್ಟು ಜನರನ್ನು ಹೆಸರು ಹಿಡಿದು ಗುರುತಿಸುತ್ತಾರೆ. ನರೇಂದ್ರ ಇದ್ದಾರೆ. ರಾಖಾಲ, ಅಂದರೆ ಮುಂದಿನ ಬ್ರಹ್ಮಾನಂದರು. ಶಶಿ, ಮುಂದಿನ ರಾಮಕೃಷ್ಣಾನಂದರು. ಕಾಳಿ, ಮುಂದಿನ ಅಭೇದಾನಂದರು. ತಾರಕ, ಮುಂದಿನ ಶಿವಾನಂದರು. ಶರತ್, ಲಾಟು, ಗಂಗಾಧರ ಇದ್ದಾರೆ. ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದ ಸುರೇಂದ್ರರು ಇದ್ದಾರೆ, ಪಟಕ್ಕಾಗಿ ಹಂಬಲಿಸಿದ ಭವನಾಥ ಇದ್ದಾನೆ. ದಿನಚರಿಯಲ್ಲಿ ಗುರುಗಳ ಮಾತು ಬರೆದಿಟ್ಟು ಕಥಾಮೃತವನ್ನು ಕೊಟ್ಟ ಮಹೇಂದ್ರನಾಥ ಗುಪ್ತರೂ ಇದ್ದಾರೆ. ಆ ಶಾಲೆಯ ಮೇಷ್ಟ್ರು ಅವರೇ.

ಗುರುತು ಸಿಗಲು ಕಾರಣವೇನು? ಅವರಲ್ಲಿ ಹಲವರು ಬಹಳ ಕಾಲ ಬದುಕಿದರು. ಮಹೇಂದ್ರನಾಥರು 1932ರ ತನಕ, ಶಿವಾನಂದರು 1934ರ ತನಕ, ಅಖಂಡಾನಂದರಾದ ಗಂಗಾಧರರು 1937ರ ತನಕ, ಅಭೇದಾನಂದರು 1939ರ ತನಕ ಇದ್ದರು. ಅವರನ್ನು ಹತ್ತಿರದಿಂದ ಕಂಡವರು ಆ ಎಳೆಯ ಮುಖಗಳನ್ನೂ ಹೋಲಿಸಿ ನೋಡಬಹುದಾಗಿತ್ತು. ಬಲ್ಲವರು ಇರುವಾಗಲೇ ಕೇಳಿ ಬರೆದಿಟ್ಟುಕೊಂಡದ್ದು ಉಳಿಯುತ್ತದೆ. ಕೇಳದೆ ಹೋದದ್ದು ಹೋದಂತೆಯೇ.

ಪಟ ಕೊಳ್ಳುವಾಗ ತಿಳಿದಿರಬೇಕಾದದ್ದು

ಪರಮಹಂಸರು, ಶ್ರೀಮಾತೆ, ವಿವೇಕಾನಂದರು ಮೂವರೂ ಒಟ್ಟಿಗೆ ಇರುವ ಪಟ ಕ್ಯಾಲೆಂಡರುಗಳಲ್ಲಿ ಬರುತ್ತದೆ. ಮೂವರೂ ಒಟ್ಟಿಗೆ ಕುಳಿತು ತೆಗೆಸಿಕೊಂಡ ಫೋಟೋ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಶ್ರೀಮಾತೆಯವರ ಫೋಟೋ ಮೊದಲ ಬಾರಿ ತೆಗೆದದ್ದು 1898ರಲ್ಲಿ, ಕಲ್ಕತ್ತೆಯಲ್ಲಿ. ಅಮೆರಿಕದ ಭಕ್ತೆ ಸಾರಾ ಬುಲ್ ಅವರು ಕೇಳಿಕೊಂಡು ತೆಗೆಸಿದರು. ಆಗ ಪರಮಹಂಸರು ದೇಹ ಬಿಟ್ಟು ಹನ್ನೆರಡು ವರ್ಷ ಆಗಿತ್ತು. ವಿವೇಕಾನಂದರು ಕೈಕಟ್ಟಿ ನಿಂತ ಹೆಸರಾಂತ ಪಟ 1893ರ ಚಿಕಾಗೋದ್ದು. ಬೇರೆ ಬೇರೆ ಪಟಗಳನ್ನು ಭಕ್ತಿಯಿಂದ ಜೋಡಿಸಿದ್ದಾರೆ ಅಷ್ಟೇ. ಗುರುಶಿಷ್ಯರು ಒಂದೇ ಫೋಟೋದಲ್ಲಿ ಇರುವುದು 1886ರ ಆ ದುಃಖದ ದಿನದ ಪಟಗಳಲ್ಲಿ ಮಾತ್ರ.

ಬಣ್ಣ ಹಚ್ಚಿದ ಪಟಗಳೂ ಈಗ ಮೊಬೈಲಿನಲ್ಲಿ ಓಡಾಡುತ್ತವೆ. ಮೂಲ ಪಟಗಳಲ್ಲಿ ಬಣ್ಣವಿಲ್ಲ. ಕಂಡ ಬಣ್ಣ ಆಮೇಲಿನವರು ಹಚ್ಚಿದ್ದು. ಜೋಡಿಸಿದ ಪಟಕ್ಕೆ ಕೈಮುಗಿದರೆ ದೋಷವೇನೂ ಇಲ್ಲ, ಭಕ್ತಿಗೆ ಕೊರತೆ ಬರುವುದಿಲ್ಲ. ಆದರೆ ಮಕ್ಕಳು ಕೇಳಿದಾಗ ನಿಜ ಹೇಳಬೇಕು. ಸತ್ಯವೇ ಕಲಿಯುಗದ ತಪಸ್ಸು ಎಂಬುದು ಪರಮಹಂಸರದೇ ಉಪದೇಶ.

ನಮ್ಮ ನಾಡಿಗೆ ಬಂದವರು

ಆ ಕೊನೆಯ ಪಟದಲ್ಲಿ ನಿಂತವರಲ್ಲಿ ಕೆಲವರು ನಮ್ಮ ಕನ್ನಡನಾಡಿಗೂ ಬಂದರು. ನರೇಂದ್ರರು ಪರಿವ್ರಾಜಕರಾಗಿ 1892ರಲ್ಲಿ ಬೆಳಗಾವಿಗೆ, ಬೆಂಗಳೂರಿಗೆ, ಮೈಸೂರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಬೆಳಗಾವಿಯಲ್ಲಿ ಅವರ ಒಂದು ಫೋಟೋ ಕೂಡ ತೆಗೆದರು. ಬೆಂಗಳೂರು ಬಸವನಗುಡಿಯ ಆಶ್ರಮಕ್ಕೆ 1906ರಲ್ಲಿ ಅಡಿಗಲ್ಲು ಇಟ್ಟವರು ಕಾಳಿ, ಅಂದರೆ ಅಭೇದಾನಂದರು. 1909ರಲ್ಲಿ ಅದನ್ನು ತೆರೆದವರು ರಾಖಾಲ, ಅಂದರೆ ಬ್ರಹ್ಮಾನಂದರು. ನಮ್ಮ ಕುವೆಂಪು ಅವರು 1929ರಲ್ಲಿ ದೀಕ್ಷೆ ಪಡೆದದ್ದು ತಾರಕರಿಂದ, ಅಂದರೆ ಶಿವಾನಂದರಿಂದ. ಪರಮಹಂಸರ ಚರಿತ್ರೆಯನ್ನು ಕನ್ನಡದಲ್ಲಿ ಬರೆದುಕೊಟ್ಟವರೂ ಕುವೆಂಪು ಅವರೇ. ಹೀಗೆ ಕಾಶೀಪುರದ ಆ ಮಂಚದ ಸುತ್ತ ನಿಂತವರ ಹಿಂದೆ ನಮ್ಮ ಮನೆಯ ಬಾಗಿಲಿನ ತನಕ ದಾರಿ ಬಂದಿದೆ.

ಕೊನೆಯ ಮಾತು

ಪರಮಹಂಸರು ಹೆಸರಿಗೆ ಆಸೆ ಪಟ್ಟವರಲ್ಲ. ಮೊದಲ ಮತ್ತು ಮೂರನೆಯ ಪಟ ತೆಗೆಯುವಾಗ ಅವರಿಗೆ ಕ್ಯಾಮರಾ ಎದುರಿಗಿದೆ ಎಂಬ ಪರಿವೆಯೇ ಇರಲಿಲ್ಲ. ತಮ್ಮನ್ನು ತಾವು ಮರೆತವರ ಗುರುತನ್ನು ಉಳಿಸಿಕೊಟ್ಟವರು ಸುತ್ತ ಇದ್ದವರು. ಹಿಡಿದುಕೊಂಡ ಹೃದಯ, ಗಾಡಿ ತಂದ ಸುರೇಂದ್ರ, ಹಠ ಹಿಡಿದ ಭವನಾಥ, ಒಡೆದ ಗಾಜನ್ನು ಸರಿಮಾಡಿದ ಅವಿನಾಶ, ಹತ್ತು ರೂಪಾಯಿ ಕೊಟ್ಟ ಡಾಕ್ಟರು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಒಂದೊಂದು ಪಟ ನಮಗೆ ತಪ್ಪಿಹೋಗುತ್ತಿತ್ತು.

ಆದ್ದರಿಂದ ಯಾತ್ರಿಕ ಬಂಧುಗಳೇ, ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮನೆಯ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ ಅಜ್ಜ ಅಜ್ಜಿಯರ ಹಳೆಯ ಪಟಗಳು ಇರುತ್ತವೆ. ಹಿರಿಯರ ಪಕ್ಕ ಕುಳಿತು ಇವರು ಯಾರು, ಅವರು ಯಾರು, ಯಾವ ಊರು, ಯಾವ ವರ್ಷ ಅಂತ ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆದಿಡಿ. ಅದೂ ಪಿತೃಗಳ ಸೇವೆಯೇ. ಹೇಳುವವರು ಇರುವಾಗಲೇ ಕೇಳಿಕೊಳ್ಳಿ.

ಭಗವಂತನು ಎಲ್ಲರಿಗೂ ಒಳ್ಳೆಯದು ಮಾಡಲಿ. ಶುಭವಾಗಲಿ.